ದಿವಾನ ಬೋಪು ಅವರ ಎರಡು ಏಪ್ರಿಲ್‌ಗಳು

ಪುತ್ತೂರಿನಿಂದ ಮಂಗಳೂರಿಗೆ ನಡೆದು ಹೋಗುವವರಿಗೆ ನೇತ್ರಾವತಿ ಅಡ್ಡ ಬರುವುದು ಪಾಣೆಮಂಗಳೂರಿನಲ್ಲಿ. ಏಪ್ರಿಲ್ ಎಂದರೆ ಹೊಳೆ ಸೊರಗಿ ಮರಳದಿಣ್ಣೆಗಳು ಕಾಣುವ ತಿಂಗಳು. 1837ರ ಏಪ್ರಿಲ್ ಮೊದಲ ವಾರ ಅಲ್ಲಿ ಹೊಳೆ ದಾಟಿ ಬಂಟ್ವಾಳಕ್ಕೆ ಬಂದ ದಂಡಿನಲ್ಲಿ ಸುಳ್ಯ ಸೀಮೆಯ ಗೌಡರಿದ್ದರು, ಘಟ್ಟದ ಬುಡದ ಕುಡಿಯರಿದ್ದರು, ಬಂಟರು, ಬಿಲ್ಲವರು, ಜೈನರು, ಬ್ರಾಹ್ಮಣರು ಎಲ್ಲರೂ ಇದ್ದರು. ಕೈಯಲ್ಲಿ ಕೋವಿ ಇದ್ದವರು ಸ್ವಲ್ಪ, ಕತ್ತಿ ದೊಣ್ಣೆ ಹಿಡಿದವರು ಬಹಳ. ಬೆಳ್ಳಾರೆಯಲ್ಲಿ ಕಂಪನಿ ಸರಕಾರದ ಖಜಾನೆ ಅವರ ವಶವಾಗಿತ್ತು. ಪುತ್ತೂರಿನಲ್ಲಿ ಎದುರಾಗಲು ಹೊರಟ ಕಲೆಕ್ಟರ್ ಮಂಗಳೂರಿಗೆ ಹಿಮ್ಮೆಟ್ಟಿದ್ದ. ಬಂಟ್ವಾಳ ದಾಟಿದ ಮೇಲೆ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಏಪ್ರಿಲ್ 5ರಂದು ಮಂಗಳೂರು ಅವರ ಕೈಗೆ ಬಂತು. ಕಚೇರಿಗೆ ಬೆಂಕಿ ಬಿತ್ತು, ಜೈಲಿನ ಬಾಗಿಲು ತೆರೆಯಿತು, ಬಿಳಿಯರು ಹಡಗು ಹತ್ತಿ ಕಣ್ಣೂರಿಗೆ ಹೋದರು.

ಈ ಕಥೆಯನ್ನು ದಕ್ಷಿಣ ಕನ್ನಡದಲ್ಲಿ ಈಗ ಬಹಳ ಮಂದಿ ಬಲ್ಲರು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿದ ಕಥೆ, ಹದಿಮೂರು ದಿನಗಳ ಆಳ್ವಿಕೆಯ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಹದಿಮೂರು ದಿನ ಹದಿಮೂರೇ ಆದದ್ದು ಏಕೆ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಕಣ್ಣೂರಿನಿಂದ ಬಂದ ಕಂಪನಿ ಸೈನ್ಯದ ಹತ್ತಿರ ನಿಂತುಬಿಡುತ್ತದೆ. ಅರ್ಧ ಉತ್ತರ ಅದು. ಇನ್ನರ್ಧ ಮಡಿಕೇರಿಯಲ್ಲಿದೆ, ಅಪ್ಪಾರಂಡ ಬೋಪು ಎಂಬ ದಿವಾನರ ಬಳಿ. ಕೊಡಗಿನ ರಾಜನ ಕಾಲದಲ್ಲಿ ಆಯುಧ ಹಿಡಿದ ಜನರನ್ನು ಮುನ್ನಡೆಸಿದವರು, ರಾಜ್ಯಕ್ಕೆ ಮಂತ್ರಿಯಾದವರು, ರಾಜ ಹೋದ ಮೇಲೂ ಮಂತ್ರಿಯಾಗಿ ಉಳಿದವರು ಅವರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಬೋಪಣ್ಣ ಎಂಬ ಹೆಸರಿನಿಂದ ಪರಿಚಿತರು. ಕಾದಂಬರಿಯ ಬೋಪಣ್ಣನನ್ನು ಪಕ್ಕಕ್ಕಿಟ್ಟು ಚರಿತ್ರೆಯ ಬೋಪುವನ್ನು ನೋಡಿದರೆ ಬಂಟ್ವಾಳದ ಈ ಕಥೆ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ.

ಹಾಲೇರಿ ವಂಶದ ರಾಜರು ಆಳಿದ ಕೊಡಗಿನಲ್ಲಿ ಸೈನಿಕ ಬೇರೆ, ಅಧಿಕಾರಿ ಬೇರೆ ಎಂಬ ಭೇದ ತೀರ ತೆಳುವಾಗಿತ್ತು. ಅದಕ್ಕೆ ಕಾರಣ ಜಮ್ಮಾ ಎಂಬ ಭೂಮಿಯ ಹಿಡುವಳಿ. ಜಮ್ಮಾ ಗದ್ದೆ ಉಳ್ಳ ಒಕ್ಕಲು ನೂರು ಭಟ್ಟಿ (ಅಲ್ಲಿನ ಅಳತೆ) ನೆಲಕ್ಕೆ ಐದು ರೂಪಾಯಿ ಕಂದಾಯ ಕೊಡುತ್ತಿದ್ದ. ಸಾಗು ಜಮೀನಿನವನು ಅಷ್ಟೇ ನೆಲಕ್ಕೆ ಹತ್ತು ಕೊಡಬೇಕಿತ್ತು. ಉಳಿದ ಐದರ ಬದಲಿಗೆ ಜಮ್ಮಾದವನು ಕರೆ ಬಂದಾಗ ಕೋವಿ, ಒಡಿಕತ್ತಿ ಹಿಡಿದು ಹೊರಡಬೇಕು. ಹೀಗಾಗಿ ಗದ್ದೆಯಲ್ಲಿ ನಾಟಿ ಮಾಡುವವನೇ ಕೋಟೆಯ ಕಾವಲಿನವನು. ಆ ನಾಡಿನ ಲೆಕ್ಕ ನೋಡುವ ಪಾರುಪತ್ಯಗಾರ, ತಾಲೂಕು ನೋಡುವ ಸುಬೇದಾರ, ಅವರ ಮೇಲಿನ ಕಾರ್ಯಕಾರ, ಎಲ್ಲರಿಗೂ ಮೇಲೆ ದಿವಾನ. ಇವರು ಶಾಂತಿಯ ದಿನಗಳಲ್ಲಿ ಕಂದಾಯ ವಸೂಲು ಮಾಡುವವರು, ಯುದ್ಧ ಬಂದರೆ ಅದೇ ಒಕ್ಕಲುಗಳನ್ನು ಕೂಡಿಸಿ ದಂಡು ಕಟ್ಟುವವರು. ದಿವಾನನ ಕೈಯಲ್ಲಿ ಲೇಖನಿ ಇದ್ದುದರಿಂದಲೇ ಅವನ ಮಾತಿಗೆ ಕೋವಿಗಳೂ ಓಗೊಡುತ್ತಿದ್ದವು. ಬೋಪು ಅವರ ಬಲವೂ ಇದೇ. ಅವರು ಕರೆದರೆ ನಾಡಿನ ಒಕ್ಕಗಳು, ಅಂದರೆ ಮನೆತನಗಳು, ಬರುತ್ತಿದ್ದವು.

ಈ ವ್ಯವಸ್ಥೆ ಕರಾವಳಿಯ ಜನಕ್ಕೆ ಹೊರಗಿನದಾಗಿರಲಿಲ್ಲ. ಘಟ್ಟದ ಕೆಳಗಿನ ಅಮರಸುಳ್ಯ, ಪಂಜ, ಬೆಳ್ಳಾರೆ ಪ್ರದೇಶಗಳು ಕೊಡಗಿನ ರಾಜರ ಆಳ್ವಿಕೆಗೆ ಸೇರಿದ್ದವು. ಬಂಟ್ವಾಳಕ್ಕೂ ಕೊಡಗಿಗೂ ಇದ್ದ ನಂಟು ಹಳೆಯದು, ಎಲ್ಲ ಕಾಲಕ್ಕೂ ಸಿಹಿಯಾದದ್ದೇನಲ್ಲ. ಟಿಪ್ಪುವಿನ ವಿರುದ್ಧದ ಯುದ್ಧಗಳ ಕಾಲದಲ್ಲಿ ಕೊಡಗಿನ ರಾಜ ಬಂಟ್ವಾಳವನ್ನು ಹಾಳುಗೆಡವಿ ಊರಿನ ಅರ್ಧ ಜನರನ್ನು ಹಿಡಿದುಕೊಂಡು ಹೋಗಿದ್ದ. ಹಾಗಿದ್ದೂ ಘಟ್ಟದ ಮೇಲಕ್ಕೆ ಉಪ್ಪು, ಒಣಮೀನು ಹೋಗಬೇಕಾದರೆ ಕರಾವಳಿಯಿಂದಲೇ. ಘಟ್ಟದ ಬುಡದ ಅಕ್ಕಿ ಸಮುದ್ರ ಮುಟ್ಟಬೇಕಾದರೆ ನೇತ್ರಾವತಿಯ ದೋಣಿಗಳು ಏರಿಬರುತ್ತಿದ್ದ ಬಂಟ್ವಾಳದ ಮೂಲಕವೇ. ಯಾರು ಆಳಿದರೂ ಈ ದಾರಿ ನಿಲ್ಲಲಿಲ್ಲ. ದಂಡು ನಡೆದ ದಾರಿಯೂ ಅಕ್ಕಿ ನಡೆದ ದಾರಿಯೂ ಒಂದೇ.

ಬೋಪು ದಿವಾನರಾಗಿದ್ದದ್ದು ಚಿಕ್ಕವೀರರಾಜೇಂದ್ರನ ಕಾಲದಲ್ಲಿ. 1820ರಲ್ಲಿ ಪಟ್ಟಕ್ಕೆ ಬಂದ ಈ ರಾಜನ ಕ್ರೌರ್ಯದ ಕಥೆಗಳನ್ನು ಬರೆದವರಲ್ಲಿ ಹೆಚ್ಚಿನವರು ಇಂಗ್ಲಿಷರು. ಅವನ ರಾಜ್ಯ ನುಂಗಿದವರಿಗೆ ಅವನು ಕ್ರೂರಿಯಾಗಿ ಕಾಣಬೇಕಾದ ಅಗತ್ಯವೂ ಇತ್ತು ಎಂಬುದನ್ನು ಮರೆಯಬಾರದು. ಆದರೆ ಸ್ವಂತ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸಪ್ಪ 1832ರಲ್ಲಿ ಜೀವಭಯದಿಂದ ಮೈಸೂರಿನ ಸೀಮೆಗೆ ಓಡಿ ಕಂಪನಿಯ ರೆಸಿಡೆಂಟನ ಆಶ್ರಯ ಬೇಡಿದ್ದು ನಿಜ. ಅವರನ್ನು ಒಪ್ಪಿಸಿ ಎಂದು ರಾಜ ಹಟ ಹಿಡಿದ. ಮಾತುಕತೆಗೆ ಬಂದ ಕಂಪನಿಯ ಕಡೆಯ ಕರುಣಾಕರ ಮೆನನ್ ಎಂಬವರನ್ನೇ ಮಡಿಕೇರಿಯಲ್ಲಿ ಹಿಡಿದಿಟ್ಟುಕೊಂಡ. ಕಂಪನಿಗೆ ಬೇಕಾಗಿದ್ದ ನೆಪ ಸಿಕ್ಕಿತು. 1834ರ ಏಪ್ರಿಲ್ ಆರಂಭದಲ್ಲಿ ನಾಲ್ಕು ದಿಕ್ಕುಗಳಿಂದ ನಾಲ್ಕು ತುಕಡಿಗಳು ಕೊಡಗಿಗೆ ನುಗ್ಗಿದವು.

ಆ ಯುದ್ಧದ ಒಂದು ಸಂಗತಿಯನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊಡಗಿನವರು ಸೋತಿರಲಿಲ್ಲ. ಉತ್ತರದಲ್ಲಿ ಕರ್ನಲ್ ವಾ ತಂದ ತುಕಡಿ ಮರದ ದಿಮ್ಮಿಗಳ ತಡೆಗೋಡೆಯ ಎದುರು ಪೆಟ್ಟು ತಿಂದಿತು. ಕರ್ನಲ್ ಮಿಲ್ ಎಂಬ ಅಧಿಕಾರಿಯೇ ಅಲ್ಲಿ ಸತ್ತ. ಕರಾವಳಿಯ ಕಡೆಯಿಂದ, ನಮ್ಮ ಈ ಸೀಮೆಯನ್ನೇ ಹಾದು, ಘಟ್ಟ ಹತ್ತಲು ಬಂದ ಕರ್ನಲ್ ಜಾಕ್ಸನ್‌ನ ತುಕಡಿ ಕಾಡಿನಲ್ಲಿ ಜನರನ್ನು ಕಳೆದುಕೊಂಡು ಹಿಂದಿರುಗಿತು. ಎರಡು ದಿಕ್ಕಿನಲ್ಲಿ ಗೆದ್ದವರು ನಾಲ್ಕೈದು ದಿನಗಳೊಳಗೆ ರಾಜಧಾನಿ ಒಪ್ಪಿಸಿದರು. ರಾಜನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಕಾದಾಡಿ ಎಂದ, ಬಿಳಿ ಬಾವುಟ ಕಳಿಸಿ ಎಂದ, ತಾನು ನಾಲ್ಕುನಾಡಿನ ಅರಮನೆಗೆ ಹೋಗಿ ಕುಳಿತ. ಅವನ ಪರಮ ಆಪ್ತನಾಗಿದ್ದ ದಿವಾನ ಕುಂಟ ಬಸವ ಆ ದಿನಗಳಲ್ಲೇ ಕಾಡಿನಲ್ಲಿ ಹೆಣವಾಗಿ ಸಿಕ್ಕಿದ.

ಈ ಗೊಂದಲದ ನಡುವೆ ಬೋಪು ಮಾಡಿದ ಕೆಲಸ ಅವರ ಜೀವನದ ಮೊದಲ ದೊಡ್ಡ ತೀರ್ಮಾನ. ಪೂರ್ವದಿಂದ ಬರುತ್ತಿದ್ದ ಕರ್ನಲ್ ಲಿಂಡ್ಸೆಯ ತುಕಡಿಯನ್ನು ನಾನೂರು ಮಂದಿ ಕೊಡವರೊಂದಿಗೆ ಎದುರುಗೊಂಡು, ದಾರಿ ತೋರಿಸಿ, ಮಡಿಕೇರಿಗೆ ಕರೆತಂದರು. 1834ರ ಏಪ್ರಿಲ್ 6ರಂದು ಕೋಟೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ನಾಲ್ಕು ದಿನ ಕಳೆದು ರಾಜ ಶರಣಾದ. ಏಪ್ರಿಲ್ 24ರಂದು ಅವನನ್ನು ಕೊಡಗಿನಿಂದ ಹೊರಗೆ ಕಳಿಸಿದರು. ವೆಲ್ಲೂರು, ಆಮೇಲೆ ಕಾಶಿ, ಕಡೆಗೆ ಮಗಳು ಗೌರಮ್ಮನೊಂದಿಗೆ ಲಂಡನ್. 1852ರಲ್ಲಿ ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ದೀಕ್ಷಾಸ್ನಾನ ಮಾಡಿಸಿದಳು. 1859ರಲ್ಲಿ ರಾಜ ಅಲ್ಲೇ ತೀರಿಕೊಂಡ. ಅವನು ಮತ್ತೆ ಕೊಡಗಿನ ಮಣ್ಣು ಮೆಟ್ಟಲಿಲ್ಲ.

ಬೋಪು ಅವರನ್ನು ದ್ರೋಹಿ ಎಂದು ಕರೆಯುವುದು ಸುಲಭ. ಹಾಗೆ ಕರೆದವರೂ ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕಂಪನಿಗೆ ಬಾಗಿಲು ತೆರೆದರೂ ತಾವು ಆಡಳಿತ ಕಟ್ಟಿದ ನಾಡು ಉಳಿಯಬೇಕು ಎಂಬುದು ಅವರ ಲೆಕ್ಕವಾಗಿತ್ತು ಎಂದು ನಂಬಲು ಆಮೇಲಿನ ಘಟನೆಗಳೇ ಆಧಾರ. 1834ರ ಮೇ 7ರಂದು ಕಂಪನಿಯ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಜನರೇ ಕೇಳಿಕೊಂಡದ್ದರಿಂದ ಕೊಡಗನ್ನು ಕಂಪನಿ ವಹಿಸಿಕೊಳ್ಳುತ್ತಿದೆ ಎಂದೂ, ಅವರ ಧಾರ್ಮಿಕ ಮತ್ತು ಲೌಕಿಕ ನಡಾವಳಿಗಳಿಗೆ ಧಕ್ಕೆ ಬಾರದು ಎಂದೂ ಇತ್ತು. ಜನರೇ ಕೇಳಿಕೊಂಡರು ಎಂಬುದು ಗೆದ್ದವರು ತಮಗೆ ತಾವೇ ಬರೆದುಕೊಂಡ ಪ್ರಮಾಣಪತ್ರ. ಎರಡನೆಯ ಭಾಗ ಮಾತ್ರ ಬಹುಮಟ್ಟಿಗೆ ನಡೆಯಿತು. ಜಮ್ಮಾ ಉಳಿಯಿತು. ನಾಡು, ಪಾರುಪತ್ಯಗಾರ, ಸುಬೇದಾರ ಎಲ್ಲ ಉಳಿದರು. ಲೆ ಹಾರ್ಡಿ ಎಂಬ ಕಂಪನಿಯ ಸೇನಾಧಿಕಾರಿ ಸೂಪರಿಂಟೆಂಡೆಂಟನಾಗಿ ಮೇಲೆ ಕುಳಿತ. ಅವನ ಕೆಳಗೆ ಹಳೆಯ ದಿವಾನರೇ ಕೆಲಸ ಮುಂದುವರಿಸಿದರು: ಬೋಪು, ಚೆಪ್ಪುಡಿರ ಪೊನ್ನಪ್ಪ, ಲಕ್ಷ್ಮೀನಾರಾಯಣಯ್ಯ. ಘಟ್ಟದ ಮೇಲಿನ ಒಕ್ಕಲಿಗನಿಗೆ ರಾಜ ಹೋದದ್ದು ಗೊತ್ತಾಯಿತು, ಆದರೆ ಅವನು ದೂರು ಹೇಳಿಕೊಳ್ಳುವ ಚಾವಡಿಯೂ ಅಲ್ಲಿ ಕುಳಿತವರ ಮುಖವೂ ಬದಲಾಗಲಿಲ್ಲ.

ಘಟ್ಟದ ಕೆಳಗೆ ಎಲ್ಲವೂ ಬದಲಾಯಿತು. ಅಮರಸುಳ್ಯ, ಪಂಜ, ಬೆಳ್ಳಾರೆಗಳನ್ನು ಕೊಡಗಿನಿಂದ ಕಿತ್ತು ಕಂಪನಿಯ ಕೆನರಾ ಜಿಲ್ಲೆಗೆ ಸೇರಿಸಿದರು. ನಕ್ಷೆಯ ಮೇಲೆ ಅದು ಸಮಂಜಸವಾಗಿ ಕಂಡಿರಬೇಕು, ಘಟ್ಟವೇ ಗಡಿ. ಆದರೆ ಅಲ್ಲಿನ ರೈತ ರಾಜನ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದ. ಈಗ ನಗದು ಕೊಡಬೇಕು. ನಗದು ಬೇಕಾದರೆ ಅಕ್ಕಿ ಮಾರಬೇಕು, ಮಾರಬೇಕಾದರೆ ಪೇಟೆಗೆ ಹೊತ್ತು ತರಬೇಕು, ಕಂದಾಯದ ಕಂತು ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮಾರಲು ಬಂದರೆ ಬೆಲೆ ಬೀಳಬೇಕು, ಬಿದ್ದ ಬೆಲೆ ಸಾಲದೆ ಸಾಲ ಮಾಡಬೇಕು. ಹೊಗೆಸೊಪ್ಪು, ಉಪ್ಪು ಎರಡೂ ಕಂಪನಿಯ ಏಕಸ್ವಾಮ್ಯದಲ್ಲಿದ್ದವು. ಕೊಡಗಿನ ರಾಜನ ಪ್ರಜೆಯಾಗಿದ್ದವನಿಗೆ ಈ ಹೊರೆ ಹೊಸದು. ಜಮ್ಮಾ ಬದುಕಿನ ಪಕ್ಕದಲ್ಲೇ ಇದ್ದವನು ಒಂದೇ ಮಳೆಗಾಲದೊಳಗೆ ಕೆನರಾ ಜಿಲ್ಲೆಯ ಒಬ್ಬ ಖಾತೆದಾರನಾಗಿಬಿಟ್ಟ. ಅವನ ಪರವಾಗಿ ಮಂಗಳೂರಿನ ಕಲೆಕ್ಟರನ ಹತ್ತಿರ ಮಾತಾಡಬಲ್ಲ ದಿವಾನ ಯಾರೂ ಇರಲಿಲ್ಲ.

ಇರಬಹುದಾಗಿದ್ದವರು ಮೂವತ್ತೈದು ವರ್ಷಗಳ ಹಿಂದೆಯೇ ಮೂಲೆ ಸೇರಿದ್ದರು. ಈ ಸೀಮೆ ಒಂದು ಕಾಲಕ್ಕೆ ಚಿಕ್ಕ ಚಿಕ್ಕ ಅರಸುಮನೆಗಳ ನಾಡು. ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ಬೇರು ಬಿಟ್ಟು, ನೇತ್ರಾವತಿಯ ದಂಡೆಯ ನಂದಾವರಕ್ಕೆ ಬಂದ ಬಂಗರು. ವೇಣೂರಿನಲ್ಲಿ ಅಜಿಲರು, 1604ರಲ್ಲಿ ಅಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನ ವಂಶ. ಮೂಡುಬಿದಿರೆಯಲ್ಲಿ ಚೌಟರು, ಹೆಣ್ಣುಗಳ ಮೈಗಳನ್ನೇ ಹೆಣೆದು ಆನೆ, ಕುದುರೆಗಳ ಆಕಾರ ತಂದ ಮರದ ಕಂಬಗಳು ಅವರ ಅರಮನೆಯಲ್ಲಿ ಈಗಲೂ ಇವೆ. ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ಇಕ್ಕೇರಿ ನಾಯಕರ ಕೆಳಗೂ ಇವರಿಗೆ ತಮ್ಮ ತಮ್ಮ ಮಾಗಣೆಗಳಲ್ಲಿ ಮಾತು ಇತ್ತು. ಹೈದರ್, ಟಿಪ್ಪು ಆ ಮಾತನ್ನು ಬಹಳಷ್ಟು ಕಸಿದರು. ಬೆಳ್ತಂಗಡಿಯ ಬಳಿ ನರಸಿಂಹಗಡದ ನೆತ್ತಿಯಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ ಈ ಅರಸರೆಲ್ಲರ ತಲೆಯ ಮೇಲೆ ಕುಳಿತಂತೆ ಇತ್ತು.

1799ರಲ್ಲಿ ಟಿಪ್ಪು ಬಿದ್ದಾಗ ಇವರೆಲ್ಲ ತಮ್ಮ ಹಳೆಯ ಅಧಿಕಾರ ಮರಳುತ್ತದೆ ಎಂದು ನಂಬಿದ್ದರು. ಕೆನರಾದ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಾಗೆ ಮಾಡಲಿಲ್ಲ. ಅವನೂ ಸೇನಾಧಿಕಾರಿಯೇ, ಕಂದಾಯದ ಕೆಲಸಕ್ಕೆ ಬಂದ ಕ್ಯಾಪ್ಟನ್. ಅವನ ದೃಷ್ಟಿಯಲ್ಲಿ ಸರಕಾರಕ್ಕೂ ರೈತನಿಗೂ ನಡುವೆ ಈ ಅರಸುಗಳು ಬೇಡವಾಗಿದ್ದರು. ಪಿಂಚಣಿ ಕೊಟ್ಟು ಕೂರಿಸುವುದೇ ಸರಿ ಎಂದ. ವಿಟ್ಲದ ಹೆಗ್ಗಡೆ ಒಪ್ಪದೆ ದಂಗೆಯೆದ್ದ. ತಿಮ್ಮ ನಾಯಕ ಎಂಬವನು 1800ರಲ್ಲಿ ಜಮಾಲಾಬಾದ್ ಕೋಟೆಯನ್ನೇ ಹಿಡಿದು ಕುಳಿತ; ಅದನ್ನು ಬಿಡಿಸಲು ಕಂಪನಿ ಮೂರು ತಿಂಗಳು ಮುತ್ತಿಗೆ ಹಾಕಬೇಕಾಯಿತು. ಹೆಗ್ಗಡೆಗೆ ಗಲ್ಲಾಯಿತು. ಉಳಿದವರು ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಉಳಿದರು. 1801ರ ಆರಂಭದಲ್ಲಿ ಕಂಪನಿಗಾಗಿ ನಾಡಿನ ಸಮೀಕ್ಷೆ ಮಾಡುತ್ತಿದ್ದ ಫ್ರಾನ್ಸಿಸ್ ಬುಕನನ್ ಬಂಟ್ವಾಳ, ವೇಣೂರು, ಮೂಡುಬಿದಿರೆಗಳನ್ನು ಹಾದು ಹೋದಾಗ ಕಂಡದ್ದು ಬಸದಿಗಳ ವೈಭವ ಉಳಿದ, ಅರಸರ ಅಧಿಕಾರ ಅಳಿದ ಊರುಗಳನ್ನು.

ಮನ್ರೋ ಮಾಡಿದ್ದರಲ್ಲಿ ರೈತನಿಗೆ ಒಳ್ಳೆಯದೂ ಇತ್ತು. ಆದರೆ ಮಧ್ಯದವನನ್ನು ತೆಗೆದಾಗ ಸರಕಾರದ ಕಿವಿಯೂ ಹೋಯಿತು. 1830–31ರಲ್ಲಿ ಬೆಲೆ ಕುಸಿದು ಕಂದಾಯ ಕಟ್ಟಲಾಗದೆ ಕೆನರಾದ ರೈತರು ಕೂಟ ಸೇರಿ ಒಂದು ಕಾಸೂ ಕೊಡುವುದಿಲ್ಲ ಎಂದು ಕುಳಿತದ್ದು ಇದೇ ಕಾರಣಕ್ಕೆ: ಹೇಳಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಅದೇ ಹೊತ್ತಿಗೆ ಘಟ್ಟದ ಮೇಲೆ ಮೈಸೂರು ರಾಜ್ಯದ ನಗರ ಸೀಮೆಯ ರೈತರೂ ಎದ್ದಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಜಾರಿದ್ದು 1831ರಲ್ಲಿ, ಆ ದಂಗೆಯ ನೆಪದಿಂದಲೇ. ಅಂದರೆ ಸುಳ್ಯ, ಬೆಳ್ಳಾರೆಗಳು ಕೆನರಾಕ್ಕೆ ಸೇರಿದ್ದು ಆಗಲೇ ಕುದಿಯುತ್ತಿದ್ದ ಜಿಲ್ಲೆಗೆ.

ಆ ಕುದಿಗೆ ಒಂದು ಹೆಸರು ಬೇಕಿತ್ತು. ಹಾಲೇರಿ ವಂಶದ ಅಪ್ಪಾಜಿ ಎಂಬವನ ಮಕ್ಕಳಾದ ವೀರಪ್ಪ, ನಂಜುಂಡಪ್ಪ ಬದುಕಿದ್ದಾರೆ ಎಂಬ ಗುಲ್ಲು ರಾಜ ಹೋದಾಗಿನಿಂದ ಇತ್ತು. ಅಪರಂಪಾರ ಎಂಬ ಜಂಗಮ ತಾನೇ ವೀರಪ್ಪ ಎಂದು ಹೇಳಿಕೊಂಡು ಸೆರೆಯಾದ. ಕಲ್ಯಾಣಸ್ವಾಮಿ ಎಂಬ ಇನ್ನೊಬ್ಬ ತಾನು ನಂಜುಂಡಪ್ಪ ಎಂದ, ಅವನೂ ಸೆರೆಯಾದ. ಆ ಮೇಲೆ ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ ಎಂಬವನು ಕಲ್ಯಾಣಸ್ವಾಮಿಯ ಹೆಸರನ್ನೇ ತಾನು ಹೊತ್ತ. ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯ ಗೌಡರು ಅವನನ್ನು ಮುಂದಿಟ್ಟುಕೊಂಡು 1837ರ ಮಾರ್ಚ್ ಕೊನೆಗೆ ಜನ ಕೂಡಿಸಿದರು. ಪುಟ್ಟಬಸಪ್ಪ ರಾಜವಂಶದವನಲ್ಲ ಎಂಬುದು ರಾಮಯ್ಯ ಗೌಡರಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಅವರಿಗೆ ಬೇಕಾಗಿದ್ದದ್ದು ಎಲ್ಲ ಜಾತಿಯವರೂ ತಲೆಬಾಗಬಲ್ಲ ಒಂದು ಗದ್ದುಗೆ. ಕಂದಾಯ ಮನ್ನಾ, ಉಪ್ಪು ಹೊಗೆಸೊಪ್ಪಿನ ಸುಂಕ ರದ್ದು ಎಂಬ ಮಾತುಗಳು ಆ ಗದ್ದುಗೆಯ ಹೆಸರಿನಲ್ಲಿ ಹೊರಟವು. ಬೆಳ್ಳಾರೆಯಿಂದ ಪುತ್ತೂರು, ಪುತ್ತೂರಿನಿಂದ ಪಾಣೆಮಂಗಳೂರು. ಉಪ್ಪಿನಂಗಡಿಯ ಮಂಜ ಬೈದ್ಯ ಬಂದರು. ನಂದಾವರದ ಲಕ್ಷ್ಮಪ್ಪ ಬಂಗರಸರು ಬಂದರು.

ಬಂಗರಸರು ಬಂದದ್ದು ಸಣ್ಣ ಸಂಗತಿಯಲ್ಲ. ಸುಳ್ಯದ ಗೌಡರಿಗೆ ಬೇಕಾಗಿದ್ದದ್ದು ಕೊಡಗಿನ ಅರಸು. ಬಂಗರಸರಿಗೆ ಕೊಡಗಿನ ಅರಸಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವರ ಮನೆ ಕಳೆದುಕೊಂಡದ್ದು ತನ್ನದೇ ಅರಸುತನವನ್ನು. ಘಟ್ಟದ ಬುಡದ ರೈತನ ಸಿಟ್ಟು, ಪಿಂಚಣಿಗೆ ಬಿದ್ದ ಅರಸುಮನೆಯ ನೋವು ಎರಡೂ ಬಂಟ್ವಾಳದ ಹೊಳೆದಂಡೆಯಲ್ಲಿ ಕೂಡಿದವು. ಅಲ್ಲಿಂದ ಮಂಗಳೂರಿಗೆ ಒಂದು ದಿನದ ನಡಿಗೆ.

ಇನ್ನು ಉಳಿದದ್ದು ಮಡಿಕೇರಿ. ಬಂಡಾಯ ನೆಲೆಯೂರಬೇಕಾದರೆ ಘಟ್ಟದ ಮೇಲಿನ ಕೋವಿಗಳು ಅದರ ಜೊತೆಗೆ ಸೇರಬೇಕಿತ್ತು. ಸೇರುವ ಲಕ್ಷಣಗಳೂ ಇದ್ದವು. ಕಲ್ಯಾಣಸ್ವಾಮಿಯ ಹೆಸರಿನ ಕಾಗದಗಳು ನಾಡು ನಾಡಿಗೆ ಹೋಗಿದ್ದವು. ಸುಬೇದಾರರಾಗಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರು ಬಂಡಾಯದ ಕಡೆ ನಿಂತರು. ದಿವಾನ ಲಕ್ಷ್ಮೀನಾರಾಯಣಯ್ಯನವರ ಮೇಲೆ ಅನುಮಾನ ಬಂದು ಅವರನ್ನು ಸೆರೆಯಲ್ಲಿಟ್ಟರು. ಅರಸುಮನೆಯವನು ಬಂದಿದ್ದಾನೆ ಎಂದರೆ ಎದೆ ಹಿಗ್ಗುವ ಕೊಡವರೂ ಬೇಕಾದಷ್ಟು ಮಂದಿ ಇದ್ದರು. ಲೆ ಹಾರ್ಡಿಯ ಹತ್ತಿರ ಇದ್ದ ಸಿಪಾಯಿಗಳು ಕೊಡಗಿನಂಥ ಕಾಡುನಾಡನ್ನು ಹಿಡಿದಿಡಲು ಸಾಲುವಷ್ಟಿರಲಿಲ್ಲ. ಬೋಪು ಆಗ ಅವನ ಕಡೆ ನಿಂತರು. ನ್ಯಾಯ ಹೇಳಿ, ಕಾಗದ ಬರೆದು, ಒಕ್ಕಗಳ ಹಿರಿಯರ ಮನವೊಲಿಸಿ ಕೊಡವರನ್ನು ಒಟ್ಟುಗೂಡಿಸಿದರು, ಮತ್ತೆ ಕೈಗೆ ಆಯುಧ ತೆಗೆದುಕೊಂಡರು, ಘಟ್ಟ ಇಳಿದರು. ಈ ಸಲ ಅವರ ದಂಡು ನಡೆದದ್ದು ಮೂರು ವರ್ಷಗಳ ಹಿಂದಿನ ತನಕ ತಮ್ಮದೇ ರಾಜ್ಯವಾಗಿದ್ದ ಹಳ್ಳಿಗಳ ಮೇಲೆ.

ಯಾಕೆ ಹಾಗೆ ಮಾಡಿದರು? ಕಂಪನಿಯ ಕಡೆಯವರು ಬರೆದಂತೆ ನಿಷ್ಠೆಯೇ ಕಾರಣ ಎಂದರೆ ನನಗೆ ತೃಪ್ತಿಯಾಗುವುದಿಲ್ಲ. ಅರಮನೆಯ ಒಳಗನ್ನು ಬಲ್ಲ ದಿವಾನನಿಗೆ ಬಂದವನು ಹಾಲೇರಿಯವನಲ್ಲ ಎಂಬುದು ಯಾರೂ ಹೇಳದೆ ಗೊತ್ತಾಗುವಂಥದು. ನಿಜವಾಗಿ ಆ ಮನೆಯವನೇ ಬಂದಿದ್ದರೂ ಮೊದಲು ಉರುಳುವುದು 1834ರಲ್ಲಿ ಲಿಂಡ್ಸೆಗೆ ದಾರಿ ತೋರಿಸಿದವರ ತಲೆ. ಅದಕ್ಕಿಂತ ದೊಡ್ಡ ಕಾರಣ ಜಮ್ಮಾ. ಘಟ್ಟದ ಮೇಲೆ ಜನ ಕಳೆದುಕೊಂಡದ್ದು ಒಬ್ಬ ರಾಜನನ್ನು ಮಾತ್ರ. ನೆಲ, ಕೋವಿ, ಚಾವಡಿ ಮೂರೂ ಅವರ ಕೈಯಲ್ಲಿದ್ದವು. ಅವುಗಳನ್ನು ಕಾಯುವ ಜಾಗದಲ್ಲಿ ಬೋಪು ಕುಳಿತಿದ್ದರು. ರಾಮಯ್ಯ ಗೌಡರು, ಬಂಗರಸರು ಕುಳಿತ ಜಾಗದಲ್ಲಿ ಕಾಯುವುದಕ್ಕೆ ಉಳಿದದ್ದು ಏನೂ ಇರಲಿಲ್ಲ. ಬೋಪು ಸುಳ್ಯದಲ್ಲಿ ಹುಟ್ಟಿದ್ದರೆ ಯಾವ ಕಡೆ ಇರುತ್ತಿದ್ದರು ಎಂದು ಯೋಚಿಸಿದ್ದೇನೆ. ಬಂಡಾಯದ ಕಡೆಯೇ ಇರುತ್ತಿದ್ದರು ಎಂದು ನನಗನ್ನಿಸುತ್ತದೆ. ಆ ಏಪ್ರಿಲಿನಲ್ಲಿ ಎದುರುಬದುರು ನಿಂತವರನ್ನು ಬೇರೆ ಮಾಡಿದ್ದು ಗುಣಕ್ಕಿಂತ ಹೆಚ್ಚಾಗಿ 1834ರಲ್ಲಿ ಎಳೆದ ಗಡಿ.

ಆಮೇಲಿನದು ಬೇಗ ಮುಗಿಯಿತು. ಕಣ್ಣೂರಿನಿಂದ ಸೈನ್ಯ ಸಮುದ್ರದ ದಾರಿಯಲ್ಲಿ ಬಂತು, ಮಂಗಳೂರು ಮತ್ತೆ ಕಂಪನಿಯ ವಶವಾಯಿತು. ಹಿಮ್ಮೆಟ್ಟಿದವರಿಗೆ ಘಟ್ಟದ ಕಡೆಯ ದಾರಿ ಮುಚ್ಚಿತ್ತು, ಅಲ್ಲಿ ಬೋಪು ಅವರ ಕೊಡವರಿದ್ದರು. ಬಂಡಾಯದ ಹಳ್ಳಿಗಳಲ್ಲಿ ಲೂಟಿ ನಡೆಯಿತು. ಅದರ ಹೊಣೆ ಆ ದಂಡನ್ನು ಇಳಿಸಿದ ದಿವಾನರಿಗೂ ಸೇರಬೇಕು. ನಾಯಕರು ಒಬ್ಬೊಬ್ಬರಾಗಿ ಸಿಕ್ಕಿದರು. ಲಕ್ಷ್ಮಪ್ಪ ಬಂಗರಸರನ್ನೂ ಪುಟ್ಟಬಸಪ್ಪನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು ಎಂದು ಈ ಸೀಮೆಯ ನೆನಪು. ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಿದರು, ತಮ್ಮ ರಾಜನ ರಾಜಧಾನಿಯಾಗಿದ್ದ ಅದೇ ಊರಿನಲ್ಲಿ.

ಇನ್ನೊಂದು ಕಡೆ ಬಹುಮಾನಗಳ ಪಟ್ಟಿ ಸಿದ್ಧವಾಯಿತು. ಕಂಪನಿ ಸರಕಾರದ ಪರ ನಿಂತ ಕೊಡವರಿಗೆ ಜಹಗೀರು, ಕುದುರೆ, ಹಣ ಬಂತು. ಅವರಿಗಾಗಿಯೇ ಚಿನ್ನದ, ಬೆಳ್ಳಿಯ ಪದಕಗಳನ್ನು ಅಚ್ಚು ಹಾಕಿಸಿದರು. ಒಂದು ಕಡೆ ಆಯುಧ ಹಿಡಿದ ಕೊಡವ ಯೋಧನ ಚಿತ್ರ. 1837ರ ಏಪ್ರಿಲ್ ತಿಂಗಳಲ್ಲಿ ತೋರಿಸಿದ ನಿಷ್ಠೆಗಾಗಿ ಎಂಬರ್ಥದ ಬರಹ ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕನ್ನಡ ಅಕ್ಷರಗಳನ್ನು ಹೊತ್ತ ಕಂಪನಿಯ ಪದಕ ಎಂದರೆ ಅಪರೂಪದ ವಸ್ತು. ನಾಣ್ಯ, ಪದಕ ಸಂಗ್ರಹಿಸುವವರು ಈಗ ಅದನ್ನು ಬಹಳ ಬೆಲೆಗೆ ಕೊಳ್ಳುತ್ತಾರೆ. ಯಾರನ್ನು ಸೋಲಿಸಿದ್ದಕ್ಕೆ ಆ ಪದಕ ಬಂತೋ ಅವರೂ ಕನ್ನಡ, ತುಳು, ಅರೆಭಾಷೆ ಆಡುವ ನೆರೆಯವರೇ. ಘಟ್ಟದ ಮೇಲೂ ಕೆಳಗೂ ಹಂಚಿಕೊಂಡ ಗೌಡರ ಮನೆತನಗಳಲ್ಲಂತೂ ಒಂದೇ ಬಳಿಯವರು ಎರಡೂ ಕಡೆ ಇದ್ದರು.

ಈ ಚರಿತ್ರೆಯನ್ನು ಮೊದಲು ಬರೆದಿಟ್ಟವರಲ್ಲಿ ಹರ್ಮನ್ ಮೋಗ್ಲಿಂಗ್ ಮುಖ್ಯ. 1836ರಲ್ಲಿ ಈ ಕರಾವಳಿಗೆ ಬಂದ ಬಾಸೆಲ್ ಮಿಷನಿನ ಪಾದ್ರಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದವನು. ಮುಂದೆ ಕೊಡಗಿಗೆ ಹೋಗಿ ನೆಲೆಸಿ 1855ರಲ್ಲಿ ಕೊಡಗಿನ ಕಥನ ಪ್ರಕಟಿಸಿದ. ಅವನ ಕಣ್ಣಿನಲ್ಲಿ ಬೋಪು ನಾಡನ್ನು ಉಳಿಸಿದ ವೀರ, ಬಂಡಾಯದವರು ದಾರಿ ತಪ್ಪಿದ ಜನ. ಸುಮಾರು ಒಂದು ನೂರು ವರ್ಷ ಎಲ್ಲರೂ ಅದನ್ನೇ ನಂಬಿದರು. ಬಂಡಾಯ ನಡೆದ ಊರುಗಳಲ್ಲೇ ಅದಕ್ಕೆ ಕಲ್ಯಾಣಪ್ಪನ ಕಾಟಕಾಯಿ, ಅಂದರೆ ಕಲ್ಯಾಣಸ್ವಾಮಿಯ ದೊಂಬಿ, ಎಂಬ ಹೆಸರು ಉಳಿದುಬಂತು. ಅದನ್ನು ತಿರುಗಿಸಿ ಓದಿದವರು ಕಾದಂಬರಿಕಾರರು. ಸುಳ್ಯ ಸೀಮೆಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಬರೆದು ಬಂಡಾಯದವರ ಪರ ನಿಂತರು. ಮಾಸ್ತಿಯವರು 1956ರಲ್ಲಿ ಅರಮನೆಯ ಒಳಗೆ ಹೊಕ್ಕು ದಿವಾನನ ಮನಸ್ಸಿನ ಇಕ್ಕಟ್ಟನ್ನು ತೋರಿಸಿದರು; ಜ್ಞಾನಪೀಠದ ಗೌರವ ಬಂದಾಗ ನಾಡು ಆ ಕಾದಂಬರಿಯನ್ನು ಮತ್ತೊಮ್ಮೆ ಓದಿತು. ಮಾಸ್ತಿಯವರ ಕಥೆ 1834ಕ್ಕೆ ಸಂಬಂಧಿಸಿದ್ದು, ನಿರಂಜನರ ಕಥೆಯ ಜೀವ 1837ರಲ್ಲಿದೆ. ಎರಡನ್ನೂ ಬೆನ್ನುಬೆನ್ನಿಗೆ ಓದಿದವರಿಗೆ ಮಾತ್ರ ಬೋಪು ಪೂರ್ತಿಯಾಗಿ ಕಾಣುತ್ತಾರೆ. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಎದ್ದಿತು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆಯಿದೆ. ಬಹಳ ತಡವಾಗಿ ಸಂದ ನ್ಯಾಯ ಅದು, ಸಲ್ಲಲೇಬೇಕಾಗಿದ್ದದ್ದು.

ಬೋಪು ಅವರ ಎರಡನೆಯ ಏಪ್ರಿಲ್ ಕೊಡಗಿಗೆ ತಂದುಕೊಟ್ಟದ್ದರಲ್ಲಿ ಒಂದು ಈಗಲೂ ಚಲಾವಣೆಯಲ್ಲಿದೆ. 1857ರ ಮಹಾದಂಗೆಯ ನಂತರ ಭಾರತೀಯರ ಕೈಯಿಂದ ಆಯುಧ ಕಸಿಯುವ ಕಾನೂನು ಬಂದಾಗ, 1861ರಲ್ಲಿ, ಮೈಸೂರು ಮತ್ತು ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟ. ಕೊಡಗಿನವರ ಹಿಂದಿನ ನಿಷ್ಠೆಯೇ ಅದಕ್ಕೆ ಕಾರಣ. ಸ್ವತಂತ್ರ ಭಾರತದ ಕಾನೂನಿನಲ್ಲೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೊಡವರಿಗೆ ಮತ್ತು ಕೊಡಗಿನ ಎಲ್ಲ ಜಮ್ಮಾ ಹಿಡುವಳಿದಾರರಿಗೆ ಅದು ಅನ್ವಯಿಸುತ್ತದೆ. ಆದ್ದರಿಂದ ಜಮ್ಮಾ ನೆಲವಿರುವ ಕೊಡಗಿನ ಗೌಡರ ಮನೆಗಳಿಗೂ, ಅಪ್ಪಯ್ಯ ಗೌಡರ ಸಮುದಾಯಕ್ಕೂ, ಅದು ದಕ್ಕಿದೆ. ಸಂಪಾಜೆಯ ಗಡಿ ದಾಟಿ ಕೆಳಗಿಳಿದರೆ ಅದೇ ಬಳಿಯ, ಅದೇ ಅರೆಭಾಷೆಯ ರೈತ ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಹೆದರಿಸಲು ಒಂದು ಕೋವಿ ಇಟ್ಟುಕೊಳ್ಳಬೇಕಾದರೆ ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು, ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕು.